ಗೂಟಕ್ಕೆ ನಿಂತವರು

ಪಂಚಾಯ್ತಿಯ ಕಸದ ಗಾಡಿ ಓಡಿಸುವುದಕ್ಕೆ ತನ್ನ ಹೆಸರು ಆಗಿದೆ ಎಂಬ ಸುದ್ದಿಯನ್ನು ಭವ್ಯಾ ಊಟದ ಹೊತ್ತಿನಲ್ಲಿ ಹೇಳಬಾರದಿತ್ತು. ಒಣಮೀನಿನ ಸಾರು ಬಡಿಸುತ್ತಿದ್ದ ಜಲಜಮ್ಮನ ಸೌಟು ಗಂಡನ ತಟ್ಟೆಯ ಮೇಲೆಯೇ ನಿಂತುಬಿಟ್ಟಿತು. ಮಾಸ್ತಪ್ಪ ಸೌಟನ್ನು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಸೌಟನ್ನು ನೋಡಿದರು.

"ಮೊದ್ಲು ಸಾರು ಹಾಕು. ಕಸ ಆಮೇಲೆ," ಎಂದರು.

"ಎಂತ ಗಾಡಿ ಅಂದೆ?" ಜಲಜಮ್ಮ ಸೊಸೆಯನ್ನು ಕೇಳಿದಳು.

"ಕಸದ ಗಾಡಿ ಅತ್ತೆ. ಸಂಘದ ಹೆಂಗಸರೇ ಓಡಿಸ್ಬೇಕು ಅಂತ ಮಾಡಿದಾರೆ. ಹೊಸನಗರದಲ್ಲಿ ಇಪ್ಪತ್ತು ದಿನ ಕ್ಲಾಸೂ ಅವರೇ ಕೊಡಿಸ್ತಾರಂತೆ. ಹನ್ನೊಂದು ಜನ ಅರ್ಜಿ ಹಾಕಿದ್ವಿ. ನಂದು ಬಂತು."

ಹನ್ನೊಂದು ಜನ ಎಂಬುದನ್ನು ಭವ್ಯಾ ಸ್ವಲ್ಪ ಒತ್ತಿಯೇ ಹೇಳಿದ್ದಳು. ಆದರೆ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅವಳ ಗಂಡ ಶಿವರಾಮ ಹೊಸನಗರದ ಅಡಿಕೆ ಮಂಡಿಯಲ್ಲಿ ತೂಕದ ಕೆಲಸದವನು. ಅವನು ಅನ್ನ ಕಲಸುವುದನ್ನು ನಿಲ್ಲಿಸಿ, "ಮುಗೀತು. ನಾಳೆಯಿಂದ ಮಂಡಿಯಲ್ಲಿ ಎಲ್ರದ್ದೂ ಒಂದೇ ಮಾತು. ಶಿವರಾಮಾ, ನಮ್ಮನೆ ಕಸ ಯಾವಾಗ ಒಯ್ತೀರಿ ಅಂತ," ಎಂದ.

"ಕಸ ಹಾಳಾಗ್ಲಿ," ಮಾಸ್ತಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟರು. "ಇವಳಿಗೆ ಸೈಕಲ್ಲೇ ಸರಿ ಬರಲ್ಲ. ಗಾಡಿ ಓಡಿಸ್ತಾಳಂತೆ ಗಾಡಿ."

"ಸೈಕಲ್ ಬರುತ್ತೆ ಮಾವ."

"ಹತ್ತೋಕೆ ಬರುತ್ತೆ. ನಿಲ್ಸೋಕೆ ಬರಲ್ಲ."

ಎಂಟು ವರ್ಷದ ಮಗಳು ಕಾವ್ಯಾ ಕಿಸಕ್ಕೆಂದು ನಕ್ಕಳು. "ಅಮ್ಮ ಹೋದ್ ವರ್ಷ ಬೇಲಿಗೆ ಹೊಡೆದಿದ್ಲು ಅಜ್ಜಾ!"

ಜಲಜಮ್ಮ ತಾನೂ ಏನಾದರೂ ಹೇಳಬೇಕಲ್ಲ ಎಂದು, "ನೀ ಗಾಡಿ ಹತ್ಕೊಂಡು ಹೋದ್ರೆ ಕೊಟ್ಟಿಗೆ ಯಾರು ನೋಡೂದು? ನನಗೇನು ನಾಕು ಕೈ ಇದಾವಾ?" ಎಂದಳು.

ಪಾತ್ರೆ ತೊಳೆಯುವಾಗ ಜಲಜಮ್ಮನಿಗೆ ಸ್ವಲ್ಪ ಮುಜುಗರವಾಯಿತು. ಹನ್ನೊಂದು ಜನರಲ್ಲಿ ಒಬ್ಬಳು ಅಂದರೆ ಏನೋ ಒಂದು ಇರಬೇಕಲ್ಲ, ಬೇರೆ ಏನಾದರೂ ಹೇಳಬಹುದಿತ್ತು ಎನ್ನಿಸಿತು. ಆದರೆ ಅಂಥ ಮಾತು ಆ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಸಾರು ಚೆನ್ನಾಗಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ, ಎರಡು ಸಲ ಹಾಕಿಸಿಕೊಂಡು ಎದ್ದು ಹೋಗುತ್ತಿದ್ದರು. ಉಪ್ಪು ಒಂದು ಕಲ್ಲು ಹೆಚ್ಚಾದರೆ ಮಾತ್ರ ಹೊಳೆಯಾಚೆಯ ಮನೆಗೂ ಸುದ್ದಿ ಮುಟ್ಟುತ್ತಿತ್ತು. ಮನೆಯವರನ್ನು ಮನೆಯವರೇ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ಜಲಜಮ್ಮನಿಗೆ ಅವಳ ಅತ್ತೆ ಕಲಿಸಿದ್ದಳು. ಬಾಕಿ ಎಷ್ಟೋ ಪಾಠಗಳನ್ನು ಮರೆತಿದ್ದ ಜಲಜಮ್ಮ ಇದೊಂದನ್ನು ಮೂವತ್ತಾರು ವರ್ಷದಿಂದ ತಪ್ಪದೆ ಪಾಲಿಸಿಕೊಂಡು ಬಂದಿದ್ದಳು.

*

ಇಪ್ಪತ್ತು ದಿನದ ಕ್ಲಾಸು ಮುಗಿಯುವಷ್ಟರಲ್ಲಿ ಜಲಜಮ್ಮನಿಗೆ ಸಾಕುಸಾಕಾಯಿತು. ಬೆಳಗಿನ ರೊಟ್ಟಿ ಅವಳದೇ, ಕೊಟ್ಟಿಗೆ ಅವಳದೇ, ಕಾವ್ಯಾಳ ಜಡೆಯೂ ಅವಳದೇ. ಭವ್ಯಾ ಎಂಟೂವರೆಯ ಬಸ್ಸಿಗೆ ಓಡುವಾಗ, "ಅತ್ತೆ, ಹಾಲು ಕಾಸಿಟ್ಟಿದೀನಿ," ಎಂದು ಅಂಗಳದಿಂದಲೇ ಕೂಗಿ ಹೇಳುತ್ತಿದ್ದಳು.

"ಕಾಸಿ ಉಕ್ಕಿಸಿ ಇಟ್ಟೀಯ. ಒಲೆ ನೋಡಿದ್ಯಾ?" ಎಂದು ಜಲಜಮ್ಮ ಒಳಗಿನಿಂದ ಕೂಗುತ್ತಿದ್ದಳು. ಒಲೆಯ ಮೇಲೆ ಚೆಲ್ಲಿರುತ್ತಿದ್ದುದು ಎರಡೇ ಹನಿ.

ಕ್ಲಾಸು ಮುಗಿದದ್ದೇ ಮಾಸ್ತಪ್ಪ ಕಲಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಯಾರೂ ಕೇಳಿರಲಿಲ್ಲ. ಘಟ್ಟದ ಮೇಲೆ ಕೆಳಗೆ ಮೂವತ್ತು ವರ್ಷ ಲಾರಿ ಓಡಿಸಿ, ಈಗ ಹಳೆಯದೊಂದು ಓಮ್ನಿ ವ್ಯಾನು ಇಟ್ಟುಕೊಂಡು ಆಸ್ಪತ್ರೆಗೋ ಮದುವೆಗೋ ಬಾಡಿಗೆ ಹೋಗುತ್ತಿದ್ದವರು ಅವರು. ಬೇರೆ ಯಾರು ಓಡಿಸಿದರೂ ಅವರಿಗೆ ಸಮಾಧಾನವಿಲ್ಲ. ಸಾಗರದ ಬಸ್ಸಿನಲ್ಲಿ ಕೂತರೂ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತುತ್ತಲೇ ಇರುತ್ತಿತ್ತು. ಧರ್ಮಸ್ಥಳಕ್ಕೆ ಹೋದಾಗ ಬಸ್ಸಿನಲ್ಲಿದ್ದವರೆಲ್ಲ ಮಲಗಿದ್ದರೂ ಮಾಸ್ತಪ್ಪ ಮಾತ್ರ ಕಣ್ಣು ಬಿಟ್ಟುಕೊಂಡು, ಡ್ರೈವರನಿಗೆ ಕೇಳುವ ಹಾಗೆ, "ಎಂತ ಗೇರ್ ಅದು, ಎಂತ ಗೇರ್," ಎನ್ನುತ್ತ ಕೂತಿದ್ದರು. ಡ್ರೈವರನಾದವನು ಇನ್ನೊಬ್ಬನ ಗಾಡಿಯಲ್ಲಿ ಕಣ್ಣು ಮುಚ್ಚಬಾರದು ಎಂಬುದು ಅವರ ಸಿದ್ಧಾಂತ.

"ನನಗೆ ಕಲಿಸಿದ್ದು ಸುಬ್ಬಯ್ಯ," ಎಂದು ಅವರು ಭವ್ಯಾಳಿಗೆ ಮೊದಲ ದಿನವೇ ಹೇಳಿದರು. "ಗೇರ್ ತಪ್ಪಿದ್ರೆ ಸ್ಪ್ಯಾನರ್ ತಗಂಡು ತಲೆ ಮೇಲೆ ಒಂದು. ಅದಕ್ಕೇ ಇವತ್ತಿನವರೆಗೆ ನನ್ನ ಕೈಲಿ ಒಂದು ಕೋಳಿ ಸತ್ತಿಲ್ಲ."

"ನನಗೂ ಸ್ಪ್ಯಾನರ್ರಾ ಮಾವ?"

"ನಿನಗೆ ಬಾಯಿ ಸಾಕು."

ಆ ಬಾಯಿಯೇ ಸ್ಪ್ಯಾನರಿಗಿಂತ ಹೆಚ್ಚಾಯಿತು. ಓಮ್ನಿ ಮನೆ ಮುಂದಿನ ರಸ್ತೆಯಲ್ಲಿ ಹೋಗಿ ಬರುವಾಗ ಮೊದಲು ಮಾಸ್ತಪ್ಪನವರ ಧ್ವನಿ ಕೇಳುತ್ತಿತ್ತು, ಆಮೇಲೆ ಎಂಜಿನ್ನಿನದು. "ಕ್ಲಚ್! ಕ್ಲಚ್ ಅಂದ್ನಲ್ಲ! ಕಾಲೋ ಕಂಬವೋ ಅದು? ಎಡಕ್ಕೆ! ಊಟ ಮಾಡೂದು ಯಾವ ಕೈಲಿ, ಅದಲ್ಲದ ಕೈ!" ಭವ್ಯಾ ಕೆಂಪು ಕಿವಿ ಮಾಡಿಕೊಂಡು ಇಳಿದು, ಸೀದಾ ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕುತ್ತಿದ್ದಳು. ಒಂದು ದಿನ ಜಗುಲಿಯಲ್ಲಿ ಕಾವ್ಯಾ ಬೆಕ್ಕಿಗೆ ಹೇಳುತ್ತಿದ್ದುದು ಜಲಜಮ್ಮನ ಕಿವಿಗೆ ಬಿತ್ತು: "ಕಾಲೋ ಕಂಬವೋ ಅದು? ಹಾಲು ಕುಡಿಯೋಕೂ ಬರಲ್ಲ ನಿಂಗೆ. ನಿನ್ನಿಂದ ಆಗಲ್ಲ, ಹೋಗು ಅತ್ಲಾಗೆ."

ಬೆಕ್ಕು ಹಾಲು ಬಿಟ್ಟು ಹೋಯಿತು. ಜಲಜಮ್ಮ, "ಏ, ಅದಕ್ಯಾಕೆ ಬೈತೀಯ? ಬುದ್ಧಿ ಇಲ್ವಾ ನಿಂಗೆ?" ಎಂದು ಮೊಮ್ಮಗಳಿಗೆ ಬೈದಳು. ಬೈದ ಮೇಲೆ, ಇದೂ ಅದೇ ಆಯಿತಲ್ಲ ಎಂದುಕೊಂಡು ಬೆಕ್ಕಿನ ಬಟ್ಟಲು ಎತ್ತಿಟ್ಟಳು.

*

ಡಿಸೆಂಬರ್ ಎರಡನೇ ವಾರ ಸಾಗರದಲ್ಲಿ ಲೈಸೆನ್ಸಿನ ಪರೀಕ್ಷೆ. ತಿಂಗಳು ಮುಗಿಯುವುದರೊಳಗೆ ಲೈಸೆನ್ಸ್ ಆಗದಿದ್ದರೆ ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಗಾಡಿ ಕೊಡಬೇಕಾಗುತ್ತದೆ ಎಂದು ಸಂಘಗಳ ಒಕ್ಕೂಟದ ವಾಗ್ದೇವಿ ಮೇಡಂ ಮೊದಲೇ ಹೇಳಿದ್ದರು. ಓಮ್ನಿಯಲ್ಲೇ ಪರೀಕ್ಷೆ, ಆದ್ದರಿಂದ ಮಾಸ್ತಪ್ಪನವರೇ ಕರೆದುಕೊಂಡು ಹೋದರು. ಬೆಳಿಗ್ಗೆ ಹೋದವರು ಮಧ್ಯಾಹ್ನ ಮೂರಕ್ಕೆ ಬಂದರು. ಗಾಡಿಯ ಎರಡು ಬಾಗಿಲೂ ಒಟ್ಟಿಗೇ ಧಡಾರ್ ಎಂದವು. ಫಲಿತಾಂಶ ಏನೆಂದು ಜಲಜಮ್ಮ ಕೇಳಬೇಕಾಗಲಿಲ್ಲ.

"ಮುಂದೆ ಹೋಗೂದು ಸರಿ ಹೋಯ್ತು," ಎಂದರು ಮಾಸ್ತಪ್ಪ ಜಗುಲಿಯಲ್ಲಿ ಕೂತು. "ಗೂಟದ ನಡುವೆ ರಿವರ್ಸ್ ಬರುವಾಗ ಕೆಡಿಸಿದ್ಲು. ನಾನು ಬೇಲಿ ಹತ್ರದಿಂದ ಕೂಗಿ ಹೇಳ್ದೆ, ಕ್ಲಚ್ ಒತ್ತು ಅಂತ."

"ಅದಕ್ಕೇ ಒತ್ತಿದೆ!" ಭವ್ಯಾ ಬಾಗಿಲಲ್ಲೇ ನಿಂತು ತಿರುಗಿದಳು. ಆ ಮನೆಗೆ ಬಂದ ಹತ್ತು ವರ್ಷದಲ್ಲಿ ಅವಳು ಮಾವನ ಎದುರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಸರಿಯಾಗೇ ಬರ್ತಿದ್ದೆ. ನೀವು ಕೂಗಿದ್ರಿ ಅಂತ ಒತ್ತಿದೆ. ಇಳಿಜಾರಿತ್ತು, ಗಾಡಿ ಜಾರಿ ಗೂಟಕ್ಕೆ ಹೋಯ್ತು. ಇನ್ಸ್‌ಪೆಕ್ಟರು ಎಂತ ಕೇಳಿದ್ರು ಗೊತ್ತಾ ಅತ್ತೆ? ಗಾಡಿ ಓಡಿಸೂದು ನೀವಾ, ಬೇಲಿ ಹತ್ರ ಇರೋರಾ ಅಂತ."

"ನಾನು ಕೂಗದಿದ್ರೆ ಎರಡು ಗೂಟ ಬೀಳ್ತಿತ್ತು."

"ಒಂದ್ ವಾರ ಬಿಟ್ಟು ಮತ್ತೆ ಬರೋಕೆ ಹೇಳಿದಾರೆ. ನಾ ಹೋಗಲ್ಲ."

ಆ ಸಂಜೆ ಎಲ್ಲರೂ ತಮ್ಮ ತಮ್ಮ ಪಾಲಿನ ಮಾತು ಹೇಳಿ ಮುಗಿಸಿದರು. ಮಂಡಿಯಿಂದ ಬಂದ ಶಿವರಾಮ, "ಬಿಟ್ಬಿಡು, ಯಾರಿಗೆ ಬೇಕಾಗಿತ್ತು," ಎಂದ. ಮಾಸ್ತಪ್ಪ, "ನಾನು ಆಗ್ಲೇ ಹೇಳಿದ್ದೆ," ಎಂದರು. ಜಲಜಮ್ಮನೂ ಅದನ್ನೇ ಹೇಳಿದಳು. ತಾನು ಏನು ಹೇಳಿದ್ದೆ, ಯಾವಾಗ ಹೇಳಿದ್ದೆ ಎಂದು ಕೇಳಿದ್ದರೆ ಅವಳಲ್ಲಿ ಉತ್ತರವಿರಲಿಲ್ಲ. ಭವ್ಯಾ ಎಲ್ಲರಿಗೂ ಬಡಿಸಿ, ತಾನು ಉಣ್ಣದೆ ಹೋಗಿ ಮಲಗಿದಳು. ಅನ್ನ ಉಳಿಯಿತು. ಅದಕ್ಕೂ ಜಲಜಮ್ಮ ಗೊಣಗಿದಳು.

*

ಎರಡು ದಿನ ಬಿಟ್ಟು ಅವರ ಗದ್ದೆಯ ಕೊಯ್ಲು. ಆ ಕೇರಿಯಲ್ಲಿ ಇನ್ನೂ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ, ಕೂಲಿಯ ಮಾತಿಲ್ಲ. ಮುಯ್ಯಾಳಿನ ವಿಷಯದಲ್ಲಿ ಜಲಜಮ್ಮನಿಗೆ ಒಳ್ಳೆಯ ಹೆಸರಿತ್ತು. ಜ್ವರವಿದ್ದರೂ ತಪ್ಪಿಸಿಕೊಂಡವಳಲ್ಲ. ತನ್ನ ಮನೆಗೆ ಬಂದವರನ್ನು ನೋಡಿಕೊಳ್ಳುವುದರಲ್ಲೂ ಹಾಗೆಯೇ.

ಪಕ್ಕದ ಮನೆಯ ವರದಮ್ಮನೂ ಸೇರಿ ಆರು ಹೆಂಗಸರು ಬಂದಿದ್ದರು. ಭವ್ಯಾಳೂ ಅವರ ಸಾಲಿನಲ್ಲೇ ಬಗ್ಗಿ ಬೆಳಗಿನಿಂದ ಸಂಜೆಯವರೆಗೆ ಕೊಯ್ದಳು. ನಾಲ್ಕೂವರೆಗೆ ಎಲ್ಲರೂ ಕೈಕಾಲು ತೊಳೆದು ಜಗುಲಿಯಲ್ಲಿ ಕೂತರು. ಕಾಫಿ, ಅವಲಕ್ಕಿ ಆಯಿತು. ಆಮೇಲೆ ಜಲಜಮ್ಮ ಎಲೆ ಅಡಿಕೆಯ ತಟ್ಟೆ ತಂದು, ಪ್ರತಿ ವರ್ಷದ ಹಾಗೆ ಒಬ್ಬೊಬ್ಬರ ಮುಂದೆ ಹಿಡಿಯುತ್ತ ಹೋದಳು.

"ಕೈ ಸೋತ್ವೇನ್ರೇ? ನೀವಿಲ್ದಿದ್ರೆ ಈ ಗದ್ದೆ ಒಂದು ವಾರ ಹಿಡೀತಿತ್ತು. ವರದಮ್ಮ, ನಿನ್ನ ಕೈ ಬಿದ್ದಲ್ಲಿ ಒಂದ್ ತೆನೆ ಉಳಿಯಲ್ಲ ನೋಡು. ದ್ಯಾವ್ರು ನಿಮ್ಮ ಸೊಂಟಕ್ಕೆ ಶಕ್ತಿ ಕೊಡ್ಲಿ."

ವರದಮ್ಮ ಎಲೆ ತೆಗೆದುಕೊಳ್ಳಲಿಲ್ಲ. ತಟ್ಟೆಯನ್ನೇ ನೋಡುತ್ತ, "ಜಲಜಕ್ಕಾ, ಗದ್ದೆಯಲ್ಲಿ ಎಷ್ಟು ಜನ ಇದ್ವಿ?" ಎಂದು ಕೇಳಿದಳು.

"ಆರು ಜನ."

"ಏಳು. ಆ ಕಡೇ ಸಾಲು ಭವ್ಯಂದು."

"ಅವಳು ಮನೆಯವಳಲ್ವೇ," ಎಂದು ಜಲಜಮ್ಮ ನಕ್ಕಳು.

"ಮನೆಯವಳ ಕೈ ಸೋಲಲ್ವಾ?"

ಉಳಿದ ಹೆಂಗಸರು ಸುಣ್ಣದ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಒಳಗೆ ಭವ್ಯಾ ಲೋಟ ತೊಳೆಯುವ ಸದ್ದು ನಿಂತಿತು.

"ಅದೆಂಗೆ ವರದಾ, ಮನೆಯವಳನ್ನ ಕೂರಿಸಿ ಎಲೆ ಕೊಡ್ತಾರಾ ಯಾರಾದ್ರೂ?"

"ಎಲೆ ಬೇಡ. ಆ ಮಾತು? ಬಂದೋರಿಗೆಲ್ಲ ಒಳ್ಳೇ ಮಾತು ಹಂಚ್ತೀಯ. ನಿನ್ನ ಸೊಸೆ ಮೊನ್ನೆ ಸಾಗರದಿಂದ ಬಂದ್ಮೇಲೆ ನಮ್ಮನೆ ಹಿತ್ಲಲ್ಲಿ ಕೂತು ಅತ್ಲು ಜಲಜಕ್ಕಾ. ಗೂಟ ಬಿತ್ತು ಅಂತಲ್ಲ. ಸಂಜೆ ಮನೇಲಿ ಒಬ್ಬೊಬ್ರೂ ಎಂತ ಹೇಳ್ತಾರೆ ಅಂತ ಬಾಯಿಪಾಠ ಹೇಳಿದ್ಲು. ನೀನು ಹೇಳಿದ್ದೂ ಅದೇ ಇರ್ಬೇಕು."

ಜಲಜಮ್ಮನಿಗೆ ಮೈಯೆಲ್ಲ ಉರಿಯಿತು. ತನ್ನ ಜಗುಲಿಯಲ್ಲಿ, ತನ್ನ ಕಾಫಿ ಕುಡಿದು, ತನಗೇ! "ನಿಂಗೆ ಸೊಸೆ ಇಲ್ಲ, ಅದಕ್ಕೇ ಮಾತು ಬರುತ್ತೆ," ಎಂದಳು. ವರದಮ್ಮ ಸಿಟ್ಟಾಗದೆ ಎಲೆ ತೆಗೆದುಕೊಂಡು ತೊಟ್ಟು ಮುರಿದಳು. "ಸೊಸೆ ಇಲ್ಲ. ಆದ್ರೆ ನಂಗೂ ಒಬ್ಳು ಅತ್ತೆ ಇದ್ಲು. ನಿಂಗೂ ಇದ್ಲು," ಎಂದಳು.

ಜಲಜಮ್ಮ ತಟ್ಟೆಯನ್ನು ಮುಂದಿನವಳ ಎದುರು ಹಿಡಿದಳು.

*

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಭವ್ಯಾಳನ್ನು ಜಲಜಮ್ಮ ಒಲೆಯ ಮುಂದಿನಿಂದ ಎಬ್ಬಿಸಿದಳು. "ಏಳು. ನಾ ಮಾಡ್ತೀನಿ. ನೀ ಹೋಗಿ ಗಾಡಿ ಕಲಿ." ಮೃದುವಾಗಿ ಹೇಳಬೇಕೆಂದೇ ಬಂದಿದ್ದಳು, ಆದರೆ ಅಭ್ಯಾಸ ಬಿಡಲಿಲ್ಲ. "ಇಷ್ಟು ದಪ್ಪ ರೊಟ್ಟಿ ಯಾರು ತಿನ್ನೂದು?" ಎಂದೂ ಸೇರಿಸಿದಳು.

"ನಾ ಹೋಗಲ್ಲ ಅಂದ್ನಲ್ಲ ಅತ್ತೆ."

"ಹೋಗದಿದ್ರೆ ನಾನು ಹೋಗಿ ಕಲೀತೀನಿ. ಆಮೇಲೆ ಊರವರ ಗತಿ ನೋಡು."

ಭವ್ಯಾಳಿಗೆ ನಗು ಬಂತು. ಅವಳ ಮುಖದಲ್ಲಿ ನಗು ನೋಡಿ ನಾಲ್ಕು ದಿನವಾಗಿತ್ತು ಎಂಬುದು ಜಲಜಮ್ಮನಿಗೆ ಆಗ ಗೊತ್ತಾಯಿತು.

ಅಂದು ಭಾನುವಾರ, ಶಿವರಾಮನಿಗೆ ರಜೆ. ಅವನು ಯಾರಿಗೂ ಏನೂ ಹೇಳದೆ ಬಿದಿರಿನ ಗೂಟಗಳನ್ನು ಕಡಿದು ತಂದ. ರಸ್ತೆ ಪಕ್ಕದಲ್ಲಿ, ಮೊದಲೇ ಕೊಯ್ಲಾಗಿ ಖಾಲಿ ಬಿದ್ದಿದ್ದ ಎತ್ತರದ ಮಕ್ಕಿಗದ್ದೆಯಲ್ಲಿ ನೀರಿಲ್ಲದೆ ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು. ಸಾಗರದ ಮೈದಾನದಲ್ಲಿದ್ದ ಅಳತೆಯನ್ನು ಹೆಂಡತಿಯಿಂದ ಕೇಳಿಕೊಂಡು ಅಲ್ಲಿ ಗೂಟ ಹೊಡೆದ. "ಬಿಟ್ಬಿಡು ಅಂದೋನು ನೀನೇ ಅಲ್ವಾ?" ಎಂದು ಭವ್ಯಾ ಕೇಳಿದರೆ, "ಗೂಟ ನೆಟ್ಟಗಿದ್ಯಾ ನೋಡು," ಎಂದನಷ್ಟೆ.

ಮಾಸ್ತಪ್ಪ ಬದುವಿನ ಮೇಲೆ ನಿಂತುಕೊಂಡರು. ಭವ್ಯಾ ರಿವರ್ಸ್ ಹಾಕಿದಳು. "ಸ್ಟೇರಿಂಗ್! ಹೋಯ್ತು! ನಾ ಹೇಳ್ಲಿಲ್ವಾ, ಹೋಯ್ತು!" ಎಂದು ಅವರು ಕೂಗಿದರು. ಚಟಕ್ಕನೆ ಒಂದು ಗೂಟ ಮುರಿಯಿತು. ಎರಡನೇ ಸಲ ಇನ್ನೊಂದು. ಹತ್ತು ಗಂಟೆಯ ಹೊತ್ತಿಗೆ ಮೂರು ಗೂಟ ಮುರಿದಿದ್ದವು. ಭವ್ಯಾ ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದಳು. ಶಿವರಾಮ ಹೊಸ ಗೂಟ ಕಡಿಯುವುದೋ ಬೇಡವೋ ಎಂದು ಕತ್ತಿ ಹಿಡಿದು ನಿಂತಿದ್ದ. ಜಲಜಮ್ಮ ಬಿಸಿ ಕಾಫಿಯ ಪಾತ್ರೆ ಹಿಡಿದುಕೊಂಡು ಬಂದವಳು, ಇವರನ್ನೆಲ್ಲ ಒಂದು ಸಲ ಹೊಳೆಗೆ ನೂಕಿ ಬಂದರೆ ಹೇಗೆ ಎಂದು ಯೋಚಿಸಿದಳು.

ವರದಮ್ಮನ ಗದ್ದೆಯ ಕೊಯ್ಲಿಗೆ ಹೊರಟಿದ್ದ ಹೆಂಗಸರು ರಸ್ತೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ವರದಮ್ಮ ಕತ್ತಿಯನ್ನು ಬದುವಿನ ಮೇಲೆ ಇಟ್ಟು ಗದ್ದೆಗೆ ಇಳಿದಳು. ಮುರಿದ ಗೂಟದ ಜಾಗದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಶಿವರಾಮ, ನೀ ಬಿದಿರು ಹಾಳು ಮಾಡ್ಬೇಡ. ನಾನೇ ಗೂಟ. ಬಾರೇ ಭವ್ಯಾ, ಈಗ ಹಿಂದೆ ಬಾ."

"ವರದಕ್ಕಾ, ಬೇಡ! ನನಗೆ ಹೆದ್ರಿಕೆ ಆಗುತ್ತೆ."

"ನಂಗೆ ಆಗಲ್ಲ. ಬಾ."

ಒಬ್ಬಳನ್ನು ನೋಡಿ ಇನ್ನೊಬ್ಬಳು ಇಳಿದಳು. ಮುರಿದ ಗೂಟವಿದ್ದಲ್ಲಿ, ಮುರಿಯದ ಗೂಟವನ್ನು ಕಿತ್ತು ಅಲ್ಲಿಯೂ, ಒಬ್ಬೊಬ್ಬರು ನಿಂತರು. ಮಾಸ್ತಪ್ಪ ತಲೆ ಮೇಲೆ ಕೈ ಹೊತ್ತರು. "ನಿಮಗೆಲ್ಲ ಜೀವ ಭಾರ ಆಗಿದ್ಯಾ? ಇದು ಗಾಡಿ ಮಾರಾಯ್ತೀರಾ, ಎಮ್ಮೆ ಅಲ್ಲ!"

ಕೊನೆಗೆ ಹಿಂದಿನ ಎಡ ಮೂಲೆಯೊಂದು ಉಳಿಯಿತು. ಸಾಗರದಲ್ಲಿ ಗೂಟ ಬಿದ್ದದ್ದು ಅದೇ ಮೂಲೆಯಲ್ಲಿ. ಎಲ್ಲರೂ ಜಲಜಮ್ಮನನ್ನು ನೋಡಿದರು. ಯಾರೂ ಕರೆಯಲಿಲ್ಲ. ಅವಳು ಕಾಫಿ ಪಾತ್ರೆಯನ್ನು ಕೆಳಗಿಟ್ಟು, ವರದಮ್ಮನನ್ನು ಮನಸ್ಸಿನಲ್ಲೇ ಬೈಯುತ್ತ ಹೋಗಿ ಆ ಮೂಲೆಯಲ್ಲಿ ನಿಂತಳು. ವರದಮ್ಮನ ಹಾಗೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಓಮ್ನಿ ಹಿಂದಕ್ಕೆ ಬರತೊಡಗಿತು. ಹಿಂದಿನಿಂದ ನೋಡಿದರೆ ಗಾಡಿ ಅಷ್ಟು ದೊಡ್ಡದು ಎಂದು ಜಲಜಮ್ಮನಿಗೆ ಗೊತ್ತಿರಲಿಲ್ಲ. ಬಂತು, ಇನ್ನೂ ಬಂತು. "ನಿಲ್ಸೇ ದರಿದ್ರದವಳೇ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಪಕ್ಕದ ಕನ್ನಡಿಯಲ್ಲಿ ಭವ್ಯಾಳ ಮುಖ ಕಂಡಿತು. ತುಟಿ ಕಚ್ಚಿಕೊಂಡು, ಕಣ್ಣು ನೆಟ್ಟು, ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಯಾವ ಮಾತು ಬರುತ್ತದೋ ಎಂದು ಕಾಯುತ್ತಿರುವ ಹಾಗೆ.

ಜಲಜಮ್ಮ ಆ ಮಾತನ್ನು ನುಂಗಿಕೊಂಡು ಕೈ ಬೀಸಿದಳು.

"ಬಾ," ಎಂದಳು. ಧ್ವನಿ ತನ್ನದಲ್ಲ ಎನ್ನಿಸಿತು. "ಜಾಗ ಇದೆ. ಬಾ. ಹೆದ್ರಬೇಡ, ನಾ ಇಲ್ಲೇ ಇದೀನಿ. ಹಾಂ... ಸರಿ ಬಂತು... ಇನ್ನೂ ಬಾ."

ಗಾಡಿ ಅವಳ ಸೀರೆಯ ನೆರಿಗೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬಿಸಿ ಹೊಗೆ ಕಾಲಿಗೆ ತಾಗಿತು. ಬದುವಿನ ಮೇಲೆ ಮಾಸ್ತಪ್ಪ ಬಾಯಿ ತೆರೆದವರು ತೆರೆದ ಹಾಗೆಯೇ ಇದ್ದರು. ಹೆಂಗಸರು ಹೋ ಎಂದು ಕೂಗಿದರು. ರಸ್ತೆಯಲ್ಲಿ ಬರುತ್ತಿದ್ದ ಬೈಕಿನವನೊಬ್ಬ ಏನಾಯಿತೆಂದು ನಿಂತು ನೋಡಿದ.

"ಇನ್ನೊಂದ್ ಸಲ!" ಎಂದಳು ವರದಮ್ಮ. "ಬೇಗ ಮುಗಿಸ್ರೇ, ನನ್ನ ಗದ್ದೆ ಕೊಯ್ಯೂದಿದೆ."

ಆ ದಿನ ವರದಮ್ಮನ ಕೊಯ್ಲು ಒಂದೂವರೆ ಗಂಟೆ ತಡವಾಯಿತು. ಅದನ್ನು ತುಂಬಲು ಮಧ್ಯಾಹ್ನದ ಮೇಲೆ, ಮುಯ್ಯಿಗೆ ಹೋಗಿದ್ದ ಜಲಜಮ್ಮನ ಜೊತೆಗೆ ಶಿವರಾಮನೂ ಭವ್ಯಾಳೂ ಅವಳ ಗದ್ದೆಗೆ ಇಳಿದರು. ಮುಂದಿನ ಮೂರು ಬೆಳಿಗ್ಗೆಯೂ ಕೊಯ್ಲಿಗೆ ಹೋಗುವ ಮೊದಲು ಹೆಂಗಸರು ಅರ್ಧ ಗಂಟೆ ಗೂಟಕ್ಕೆ ನಿಂತರು. ಬಿದ್ದವರು ಯಾರೂ ಇಲ್ಲ.

*

ಎರಡನೇ ಪರೀಕ್ಷೆಗೆ ತಾನೂ ಬರುತ್ತೇನೆ ಎಂದು ಜಲಜಮ್ಮ ಹೊರಟಾಗ ಮಾಸ್ತಪ್ಪ, "ನೀ ಬಂದು ಎಂತ ಮಾಡ್ತೀಯ?" ಎಂದರು.

"ನಂಗೆ ಇಕ್ಕೇರಿ ದೇವ್ರಿಗೆ ಕೈ ಮುಗಿಯೂದಿದೆ," ಎಂದಳು. ಕೈಯಲ್ಲಿ ಎಲೆ ಅಡಿಕೆಯ ಸಂಚಿ ಇತ್ತು.

ಸಾಗರದ ಮೈದಾನದಲ್ಲಿ ಭವ್ಯಾಳ ಸರದಿ ಬಂದಾಗ ಹನ್ನೊಂದೂವರೆ. ಅವಳು ಗಾಡಿ ಹತ್ತಿದಳು. ಮಾಸ್ತಪ್ಪ ನಡೆದು ಬೇಲಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ತಂತಿ ಹಿಡಿದು, ಗಂಟಲು ಸರಿ ಮಾಡಿಕೊಂಡರು. ಜಲಜಮ್ಮ ಅವರ ಪಕ್ಕಕ್ಕೆ ಹೋಗಿ ಬೇಗಬೇಗ ಎಲೆಗೆ ಸುಣ್ಣ ಹಚ್ಚಿದಳು. ಎರಡು ಸಾಕಾಗುವ ಕಡೆ ನಾಲ್ಕು ಎಲೆ, ಒಂದು ಹೋಳಿನ ಕಡೆ ಮೂರು ಹೋಳು ಅಡಿಕೆ.

"ಹೋಯ್, ಇಲ್ಲಿ ನೋಡಿ."

"ಎಂತ? ಶುರು ಆಯ್ತು ಅಲ್ಲಿ..." ಮಾಸ್ತಪ್ಪ ತಿರುಗಿದರು. ತಿರುಗಿದ ಬಾಯಿಗೆ ಜಲಜಮ್ಮ ಆ ಕವಳವನ್ನು ಇಡಿಯಾಗಿ ತುರುಕಿದಳು.

ಅವರ ಕಣ್ಣು ದೊಡ್ಡದಾಯಿತು. ಕೆನ್ನೆ ಬಾತುಕೊಂಡಿತು. ಉಗುಳಲು ಅತ್ತಿತ್ತ ನೋಡಿದರು. ಎದುರಿನ ಗೋಡೆಯ ಮೇಲೆ ಇಲ್ಲಿ ಉಗುಳಬಾರದು ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಅದರ ಕೆಳಗೇ ಪೊಲೀಸನೊಬ್ಬ ನಿಂತಿದ್ದ. ಜನ್ಮದಲ್ಲಿ ಕಾನೂನು ಮುರಿಯದ ಡ್ರೈವರು ಮಾಸ್ತಪ್ಪ.

"ಹ್ಞುಂ! ಹ್ಞುಂ ಹ್ಞುಂ!" ಎಂದರು.

"ಅಗೀರಿ," ಎಂದಳು ಜಲಜಮ್ಮ.

ಓಮ್ನಿ ಗೂಟಗಳ ನಡುವೆ ಮುಂದೆ ಹೋಯಿತು. ತುದಿಯಲ್ಲಿ ನಿಂತಿತು. ಹಿಂದಕ್ಕೆ ಬರತೊಡಗಿತು. ಮಾಸ್ತಪ್ಪನವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ತಂತಿ ಹಿಡಿದ ಕೈ ಸ್ಟೇರಿಂಗ್ ತಿರುಗಿಸುತ್ತಿತ್ತು. ಜಲಜಮ್ಮ ಆ ಎಡ ಮೂಲೆಯ ಗೂಟವನ್ನೇ ನೋಡುತ್ತ, ತಾನೇ ಅಲ್ಲಿ ನಿಂತಿರುವ ಹಾಗೆ, "ಬಾ, ಜಾಗ ಇದೆ, ಬಾ," ಎಂದು ತುಟಿಯಲ್ಲೇ ಹೇಳಿಕೊಂಡಳು. ಗಾಡಿ ಇಳಿಜಾರಿಗೆ ಬಂತು, ಸ್ವಲ್ಪ ತಡೆಯಿತು, ಮತ್ತೆ ನಿಧಾನಕ್ಕೆ ಸರಿದು ಗೆರೆಯ ಒಳಗೆ ನಿಂತಿತು. ಗೂಟಗಳೆಲ್ಲ ನಿಂತೇ ಇದ್ದವು.

ಇನ್ಸ್‌ಪೆಕ್ಟರು ಹಾಳೆಯ ಮೇಲೆ ಏನೋ ಗೀಚಿ, ಮುಂದಿನವರನ್ನು ಕರೆದರು. ಅಷ್ಟೇ.

ಮಾಸ್ತಪ್ಪ ಗೇಟಿನ ಹೊರಗೆ ಓಡಿಹೋಗಿ ಮೋರಿಗೆ ಉಗುಳಿ ಬಂದರು. ಬಾಯಿ ಒರೆಸಿಕೊಂಡು ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿ, "ಇಳಿಜಾರಲ್ಲಿ ಬ್ರೇಕಿಂದ ಕಾಲು ತೆಗೆದ ಹದ ನೋಡಿದ್ಯಾ? ಸುಬ್ಬಯ್ಯನೂ ಹಂಗೆ ತೆಗೀತಿರ್ಲಿಲ್ಲ," ಎಂದರು.

"ಅದನ್ನ ನಂಗ್ಯಾಕೆ ಹೇಳ್ತೀರಿ? ಬ್ರೇಕ್ ಒತ್ತಿದ್ದು ನಾನಾ? ಅವಳಿಗೆ ಹೇಳಿ."

"ಅವಳಿಗೆ ಎಂತ ಹೇಳೂದು?"

"ಈಗ ಹೇಳಿದ್ರಲ್ಲ, ಅದೇ!"

"ಗೊತ್ತಾಗುತ್ತೆ ಬಿಡೇ ಅವಳಿಗೆ."

ಜಲಜಮ್ಮನಿಗೆ ಇನ್ನೊಂದು ಕವಳ ತುರುಕಬೇಕೆನಿಸಿತು. ಅಷ್ಟರಲ್ಲಿ ಭವ್ಯಾ ಬಂದಳು. ಮಾಸ್ತಪ್ಪ ಆಕಾಶ ನೋಡಿದರು, ಗಾಡಿಯ ಟೈರಿಗೆ ಕಾಲಲ್ಲಿ ಒದ್ದು ಗಾಳಿ ನೋಡಿದರು. ಆಮೇಲೆ ಚಾಲಕನ ಬಾಗಿಲಿನ ಹತ್ತಿರ ಹೋಗದೆ, ಸುತ್ತಿ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. "ನೀನೇ ಹೊಡಿ. ನಂಗೆ ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿದೆ," ಎಂದರು.

ಇಕ್ಕೇರಿ ದೇವರ ಮಾತು ಯಾರಿಗೂ ನೆನಪಾಗಲಿಲ್ಲ.

ಸಾಗರ ದಾಟುವ ಮೊದಲೇ ಶಿವರಾಮನ ಫೋನು ಬಂತು. "ಆಯ್ತಾ ಅಮ್ಮ?" "ಆಯ್ತು." "ಹಂಗಾದ್ರೆ ಸಂಜೆ ಹಸಿ ಮೀನು ತರ್ತೀನಿ. ಬಂಗಡೆ. ಅವಳಿಗೆ ಅದೇ ಇಷ್ಟ," ಎಂದು ಇಟ್ಟುಬಿಟ್ಟ.

ಬಟ್ಟೆಮಲ್ಲಪ್ಪ ಊರು ಹತ್ತಿರವಾಗುವಾಗ ಹಿಂದಿನ ಸೀಟಿನಲ್ಲಿದ್ದ ಜಲಜಮ್ಮನಿಗೆ ಗಾಡಿಯಲ್ಲಿ ಏನೋ ಕೆಟ್ಟ ಹಾಗೆ ಗರಗರ ಸದ್ದು ಕೇಳಿಸಿತು. ಎಂಜಿನ್ನಿಗೆ ಏನಾಯಿತು ಎಂದು ಗಾಬರಿಯಿಂದ ಮುಂದೆ ಬಗ್ಗಿದಳು. ಎಂಜಿನ್ ಸರಿಯಾಗಿಯೇ ಇತ್ತು. ಮಾಸ್ತಪ್ಪ ಕಿಟಕಿಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತಿದ್ದರು. ಬಲಗಾಲು ಯಾವುದನ್ನೂ ಒತ್ತದೆ, ಸಡಿಲವಾಗಿ, ಚಪ್ಪಲಿ ಬಿಟ್ಟು ಪಕ್ಕಕ್ಕೆ ವಾಲಿತ್ತು.

ಜಲಜಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಭವ್ಯಾ ನೋಡಿದ್ದಾಳೋ ಇಲ್ಲವೋ ಎಂದು ಕನ್ನಡಿಯಲ್ಲಿ ಹಣಕಿದಳು. ನೋಡಿದ್ದಳು. ಅವಳ ಕಣ್ಣು ತುಂಬಿತ್ತು, ಆದರೆ ರಸ್ತೆಯಿಂದ ಕದಲಿರಲಿಲ್ಲ.

ಈಗ ತನ್ನೊಬ್ಬಳದೇ ಬಾಕಿ. ಜಲಜಮ್ಮ ಸಂಚಿಯ ಬಾಯಿ ಬಿಚ್ಚಿದಳು, ಕಟ್ಟಿದಳು. ಎರಡು ತಿರುವು ಕಳೆಯಿತು. ಪರರಿಗೆ ಮೂವತ್ತಾರು ವರ್ಷ ಸಲೀಸಾಗಿ ಹೇಳಿದ ಮಾತು ಎಷ್ಟು ಭಾರ ಎಂದು ಅವಳಿಗೆ ಆಶ್ಚರ್ಯವಾಯಿತು. ಕೊನೆಗೆ ಒಂದು ಎಲೆಗೆ ಹದವಾಗಿ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ, ಮುಂದಿನ ಸೀಟಿನ ಹಿಂದಿನಿಂದ ಸೊಸೆಯ ಭುಜದ ಹತ್ತಿರ ಕೈ ಚಾಚಿದಳು.

"ಕೈ ಸೋತ್ವೇನೇ ಮಗಾ?" ಎಂದಳು. "ಚೆನ್ನಾಗಿ ಮಾಡ್ದೆ ನೀನು. ಭಾಳ ಚೆನ್ನಾಗಿ ಮಾಡ್ದೆ."

"ಅತ್ತೇ, ಕೈ ತೆಗೀರಿ ಸ್ವಲ್ಪ," ಎಂದಳು ಭವ್ಯಾ. "ಮುಂದೆ ಬಸ್ ಬರ್ತಿದೆ."

ಜಲಜಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಬಸ್ಸು ಹೋಗುವವರೆಗೆ ಎಲೆಯನ್ನು ಹಾಗೇ ಹಿಡಿದುಕೊಂಡು ಕೂತಳು.